ಆ ಹುಡುಗಿಗೆ ವಯಸ್ಸೆಷ್ಟು?

ನೈಜೀರಿಯಾದ ಅಬೆಯೊಕುಟ ಊರಿನಲ್ಲಿ ನಾವಿದ್ದ ಮನೆಯ ಗೇಟಿನ ಬಳಿ ದಿನಾ ಬೆಳಿಗ್ಗೆ ಆರೂವರೆಗೆ ಒಬ್ಬ ಹುಡುಗಿ ಬಂದು ನಿಲ್ಲುತ್ತಿದ್ದಳು. ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಎನಾಮಲ್ ತಟ್ಟೆ, ತಟ್ಟೆಯಲ್ಲಿ ಬಿಸಿಬಿಸಿ ಅಕರಾ. ಅಲಸಂದೆ ಕಾಳನ್ನು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಎಣ್ಣೆಯಲ್ಲಿ ಕರಿದ ತಿಂಡಿ ಅದು. ಅಮ್ಮ ಮೊದಲ ಸಲ ತಿಂದವಳೇ, ‘ಇದು ನಮ್ಮ ಅಲಸಂದೆ ವಡೆಯೇ ಅಲ್ಲವೇ’ ಎಂದಿದ್ದಳು. 1976ರಲ್ಲಿ ನೈಜೀರಿಯಾ ಸರ್ಕಾರ ಎಲ್ಲ ಮಕ್ಕಳಿಗೂ ಉಚಿತ ಪ್ರಾಥಮಿಕ ಶಿಕ್ಷಣ ಶುರು ಮಾಡಿತು. ಶಾಲೆಗಳು ಹೆಚ್ಚಿದವು, ಮೇಷ್ಟರು ಸಾಲಲಿಲ್ಲ. ಭಾರತದಿಂದ ಹೊರಟ ಶಿಕ್ಷಕರಲ್ಲಿ ಮೈಸೂರಿನ ನಮ್ಮ ಅಪ್ಪನೂ ಒಬ್ಬರು, ಭೌತಶಾಸ್ತ್ರದವರು. 1979ರಿಂದ 1984ರವರೆಗೆ ನಾವು ಅಲ್ಲಿದ್ದೆವು. ಹೋದಾಗ ನನಗೆ ಏಳು ವರ್ಷ.

ಆ ಹುಡುಗಿ ನನ್ನಷ್ಟೇ ಎತ್ತರ ಇದ್ದಳು. ನಾನು ಯೂನಿಫಾರಂ ಹಾಕಿಕೊಂಡು ಶಾಲೆಯ ಗಾಡಿಗೆ ಕಾಯುತ್ತಿದ್ದರೆ ಅವಳು ತಟ್ಟೆ ಇಳಿಸಿ, ಅಮ್ಮ ಕೊಟ್ಟ ನೋಟಿಗೆ ಚಿಲ್ಲರೆ ಎಣಿಸುತ್ತಿದ್ದಳು. ನಾನು ಮನಸ್ಸಿನಲ್ಲಿ ಲೆಕ್ಕ ಮುಗಿಸುವ ಮೊದಲೇ ಅವಳ ಚಿಲ್ಲರೆ ಅಮ್ಮನ ಕೈಯಲ್ಲಿರುತ್ತಿತ್ತು. ಒಂದು ದಿನ ಅವಳ ವಯಸ್ಸು ಕೇಳಿದೆ. ಅವಳು ಸಂಖ್ಯೆ ಹೇಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಾನು ನಿನ್ನ ಎಗ್ಬೊನ್’ ಎಂದಳು. ನಿನಗಿಂತ ಮೊದಲು ಹುಟ್ಟಿದವಳು ಎಂದು ಅದರ ಅರ್ಥ. ಅಂದಿನಿಂದ ಅವಳನ್ನು ಹಾಗೆಯೇ ಕರೆಯಬೇಕಾಯಿತು. ಅವಳ ಹೆಸರು ನನಗೆ ಕೊನೆಗೂ ತಿಳಿಯಲಿಲ್ಲ.

ವಸಾಹತು ಕಾಲದ ಲಾಗೋಸ್ ನಗರದ ಹುಡುಗಿಯರ ಇತಿಹಾಸವನ್ನೇ ನಾನು ವೃತ್ತಿಯಾಗಿ ಮಾಡಿಕೊಂಡಿದ್ದೇನೆ. ಇದಕ್ಕೆ ಹೇಗೆ ಬಂದಿರಿ ಎಂದು ಕರ್ನಾಟಕಕ್ಕೆ ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುತ್ತಾರೆ. ಹೇಗೆ ಬಂದೆ ಎಂಬುದನ್ನು ಮೇಲೆ ಹೇಳಿದ್ದೇನೆ. ಹೇಗೆ ಮಾಡಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯಬೇಕು.

ಮೈಸೂರಿನಲ್ಲಿ ಇತಿಹಾಸ ಎಂ.ಎ. ಮುಗಿಸಿ ದೆಹಲಿ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ವಿಭಾಗ ಸೇರಿದೆ. 1955ರಿಂದಲೂ ನಡೆದು ಬಂದಿರುವ ವಿಭಾಗ ಅದು. ಎಂ.ಫಿಲ್.ಗೆ ಲಾಗೋಸಿನ ಮಿಷನರಿ ಹೆಣ್ಣುಮಕ್ಕಳ ಶಾಲೆಗಳ ಬಗ್ಗೆ ಬರೆದೆ. ಚರ್ಚ್ ಮಿಷನರಿ ಸೊಸೈಟಿ ಅಲ್ಲಿ 1869ರಲ್ಲೇ ಹುಡುಗಿಯರ ಶಾಲೆ ತೆರೆದಿತ್ತು. ಗ್ರಂಥಾಲಯದಲ್ಲಿ ಸಿಗುವ ಅಚ್ಚಾದ ವರದಿಗಳನ್ನೇ ನಂಬಿ ಮಾಡಿದ ಕೆಲಸ. ಮುಗಿಸುವ ಹೊತ್ತಿಗೆ ಒಂದು ಸಂಗತಿ ಎದ್ದು ಕಂಡಿತು. ಹೊಲಿಗೆ ಕಲಿತ, ಬೈಬಲ್ ಓದಿದ, ಬಿಳಿ ಉಡುಪಿನ ಹುಡುಗಿಯರಿಗೆ ಆ ಪುಸ್ತಕಗಳಲ್ಲಿ ಅಧ್ಯಾಯಗಳೇ ಇದ್ದವು. ತಲೆಯ ಮೇಲೆ ತಟ್ಟೆ ಹೊತ್ತವರಿಗೆ ಅಲ್ಲೊಂದು ಸಾಲು, ಇಲ್ಲೊಂದು ಸಾಲು. ನನ್ನ ಎಗ್ಬೊನ್‌ಳ ಅಜ್ಜಿಯ ಕಾಲದ ಹುಡುಗಿಯರು ಎಲ್ಲಿ ಹೋದರು? ಪಿಎಚ್.ಡಿ. ಮಾಡಿದರೆ ಇದನ್ನೇ ಮಾಡುವುದು ಎಂದು ಆಗ ನಿಶ್ಚಯಿಸಿದೆ. 1998ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಲಂಡನ್ನಿಗೆ ಹೋದೆ.

ಮೊದಲ ವರ್ಷದ ಹೆಚ್ಚು ಭಾಗ ಲಾಗೋಸ್, ಅಬೆಯೊಕುಟ ಕಡೆಯ ಜನರಾಡುವ ಯೊರುಬಾ ಭಾಷೆಗೇ ಹೋಯಿತು. ಬಾಲ್ಯದಲ್ಲಿ ಕಲಿತಿದ್ದು ಬೀದಿಯ ನಾಲ್ಕು ಮಾತು ಮಾತ್ರ. ಯೊರುಬಾದಲ್ಲಿ ದನಿಗೆ ಮೂರು ಸ್ಥಾಯಿ: ಮೇಲು, ನಡು, ಕೆಳಗು. ಒಕೊ ಎಂಬ ಒಂದೇ ಪದ ಸ್ಥಾಯಿ ಬದಲಾದಂತೆ ಗಂಡ, ಗುದ್ದಲಿ, ವಾಹನ ಎಂದು ಮೂರು ಅರ್ಥ ಕೊಡುತ್ತದೆ. ಇದು ಕಷ್ಟ, ಆದರೆ ಅಭ್ಯಾಸದಿಂದ ಬರುವಂಥದ್ದು. ನನ್ನ ಯೋಚನೆಯನ್ನೇ ಬದಲಿಸಿದ್ದು ವ್ಯಾಕರಣದ ಇನ್ನೊಂದು ಸಂಗತಿ. ಯೊರುಬಾದಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಎರಡಕ್ಕೂ ಒಂದೇ ಸರ್ವನಾಮ. ಅಣ್ಣ, ಅಕ್ಕ ಇಬ್ಬರೂ ಎಗ್ಬೊನ್. ತಮ್ಮ, ತಂಗಿ ಇಬ್ಬರೂ ಅಬುರೊ. ಹಿರಿಯರೇ ಕಿರಿಯರೇ ಎಂಬುದನ್ನು ಆ ಭಾಷೆ ಮೊದಲು ಕೇಳುತ್ತದೆ; ಹೆಣ್ಣೇ ಗಂಡೇ ಎಂಬುದನ್ನು ಬೇಕಾದಾಗ ಮಾತ್ರ ಸೇರಿಸಿ ಹೇಳುತ್ತದೆ. ಕನ್ನಡದಲ್ಲಿ ಟಿಪ್ಪಣಿ ಬರೆದುಕೊಳ್ಳುವ ನನಗೆ ಪ್ರತಿ ವಾಕ್ಯದಲ್ಲೂ ಇದು ಎದುರಾಗುತ್ತಿತ್ತು. ‘ಬಂದಳು’ ಎಂದು ಬರೆಯಬೇಕೋ ‘ಬಂದನು’ ಎಂದೋ? ಮೂಲದಲ್ಲಿ ಅದು ಇರುವುದೇ ಇಲ್ಲ. ಹುಡುಗಿಯರ ಇತಿಹಾಸ ಬರೆಯಲು ಹೊರಟವಳಿಗೆ, ಹುಡುಗಿ ಎನ್ನುವ ಗುರುತು ಎಲ್ಲಿ ಯಾವಾಗ ಮುಖ್ಯವಾಗುತ್ತದೆ ಎಂಬುದೇ ಮೊದಲ ಪ್ರಶ್ನೆಯಾಯಿತು. (ಹುಡುಗುತನ ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬಳಕೆಯಲ್ಲಿದೆ. ಹುಡುಗಿತನ ಎಂಬುದನ್ನು ನಾನೇ ಬಳಸತೊಡಗಿದ್ದೇನೆ. ಬೇರೆಯವರೂ ಬಳಸಿದರೆ ಸಂತೋಷ.)

ಲಂಡನ್ನಿನ ಕ್ಯೂ ಎಂಬಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಇದೆ. ನೈಜೀರಿಯಾದ ಗವರ್ನರ್ ಮತ್ತು ಲಂಡನ್ನಿನ ನಡುವೆ ಓಡಾಡಿದ ಪತ್ರಗಳೆಲ್ಲ ಅಲ್ಲಿವೆ. ಆದರೆ ಗವರ್ನರ್ ಲಂಡನ್ನಿಗೆ ಬರೆಯುವ ಹೊತ್ತಿಗೆ ಹುಡುಗಿ ಒಂದು ‘ಸಮಸ್ಯೆ’ ಆಗಿಬಿಟ್ಟಿರುತ್ತಾಳೆ. ಅವಳು ಯಾವ ಬೀದಿಯವಳು, ಏನು ಮಾರುತ್ತಿದ್ದಳು ಎಂಬುದು ಕೆಳಗಿನ ಕಚೇರಿಗಳ ಕಾಗದದಲ್ಲೇ ಉಳಿದಿರುತ್ತದೆ. ಆ ಕಾಗದಗಳು ಇಬಾದಾನ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ನೈಜೀರಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಇತಿಹಾಸಕಾರ ಕೆನೆತ್ ಡೈಕೆ ಅವರ ಪ್ರಯತ್ನದಿಂದ 1954ರಲ್ಲಿ ಹುಟ್ಟಿದ ಸಂಸ್ಥೆ ಅದು. 2000ನೇ ಇಸವಿಯ ಜನವರಿಯಲ್ಲಿ, ಮರುಭೂಮಿಯ ದೂಳು ಹೊತ್ತು ತರುವ ಹರ್ಮಾಟನ್ ಗಾಳಿಯ ಕಾಲದಲ್ಲಿ, ಅಲ್ಲಿಗೆ ತಲುಪಿದೆ.

ಲಾಗೋಸ್ ಕಾಲೊನಿಯ ಕಮಿಷನರ್ ಕಚೇರಿಯ ಕಡತಗಳನ್ನು ತರಿಸಿಕೊಂಡು ಒಂದೊಂದಾಗಿ ಬಿಡಿಸುತ್ತಾ ಹೋದೆ. ಎರಡನೇ ಮಹಾಯುದ್ಧದ ಕಾಲ. 1931ರಲ್ಲಿ ಸುಮಾರು 1,26,000 ಇದ್ದ ಲಾಗೋಸಿನ ಜನಸಂಖ್ಯೆ 1950ರ ಜನಗಣತಿಯ ಹೊತ್ತಿಗೆ 2,30,000 ಆಗಿತ್ತು. ಬಂದರಿನಲ್ಲಿ ಹಡಗು, ಬೀದಿಯಲ್ಲಿ ಸಿಪಾಯಿ, ಒಳನಾಡಿನಿಂದ ದಿನಾ ಬಂದಿಳಿಯುವ ಜನ. ಬೀದಿಯಲ್ಲಿ ತಲೆಹೊರೆ ಮಾರುವ ಹುಡುಗಿಯರ ವಿಷಯದಲ್ಲಿ ಸರ್ಕಾರಕ್ಕೆ ಆತಂಕ ಶುರುವಾಯಿತು. ಕಲ್ಯಾಣಾಧಿಕಾರಿ ಡೊನಾಲ್ಡ್ ಫಾಕ್ನರ್ 1943ರಲ್ಲಿ ಲಾಗೋಸಿನ ಬಾಲ ವೇಶ್ಯಾವೃತ್ತಿಯ ಬಗ್ಗೆ ವರದಿ ಬರೆದರು. ಅದೇ ವರ್ಷ ಮಕ್ಕಳು ಮತ್ತು ತರುಣರ ಕಾನೂನು ಬಂತು. 14 ತುಂಬದವರು ಮಗು. 14 ತುಂಬಿ 17 ತುಂಬದವರು ತರುಣರು. 1946ರ ನಿಯಮಗಳು 14ರ ಒಳಗಿನ ಮಕ್ಕಳು ಬೀದಿಯಲ್ಲಿ ಮಾರಾಟ ಮಾಡುವುದನ್ನೇ ನಿಷೇಧಿಸಿದವು.

ಹೀಗೆ ಒಂದು ಸಂಖ್ಯೆ ಹುಡುಗಿಯ ಹಣೆಬರಹ ಬರೆಯತೊಡಗಿತು. ಒಂದು ಹಾಳೆ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಟೈಪ್ ಮಾಡಿದ ವರದಿ, ಅಂಚು ಕಂದಾಗಿ ಮುಟ್ಟಿದರೆ ಉದುರುವಂತಿದೆ. ಹುಡುಗಿಯ ವಯಸ್ಸು 13 ಎಂದಿದೆ. ಅದನ್ನು ನೀಲಿ ಶಾಯಿಯಲ್ಲಿ ಹೊಡೆದು, ಮೇಲೆ 14 ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಲಾಗಿದೆ. ಅದರ ಹಿಂದೆಯೇ ಗುಂಡುಸೂಜಿ ಚುಚ್ಚಿ ಸೇರಿಸಿದ ಒಂದು ಅರ್ಜಿ. ಹುಡುಗಿಯ ತಂದೆ ಪೇಟೆಯ ಅರ್ಜಿ ಬರೆಯುವವನ ಕೈಯಲ್ಲಿ ಬರೆಸಿದ್ದು, ಕೊನೆಯಲ್ಲಿ ಹೆಬ್ಬೆಟ್ಟು. ಅದರಲ್ಲಿ ಮಗಳಿಗೆ 16. ಒಬ್ಬಳೇ ಹುಡುಗಿ, ಒಂದೇ ತಿಂಗಳು, ಮೂರು ವಯಸ್ಸು.

ಸರಿಯಾದ ಸಂಖ್ಯೆ ಯಾವುದು ಎಂದು ಹುಡುಕುತ್ತಾ ಎರಡು ವಾರ ಕಳೆದೆ. ಆಮೇಲೆ ಆ ಹುಡುಕಾಟವೇ ತಪ್ಪು ಎಂದು ಗೊತ್ತಾಯಿತು. 13 ಎಂದರೆ ಅಧಿಕಾರಿಗೆ ಅವಳನ್ನು ತಡೆದಿಡುವ ಹಕ್ಕು ಬರುತ್ತದೆ. 16 ಎಂದರೆ ತಂದೆಗೆ ಅವಳನ್ನು ಬಿಡಿಸಿಕೊಳ್ಳುವ ದಾರಿ ಸಿಗುತ್ತದೆ. ಒಳನಾಡಿನಿಂದ ಬಂದ, ಹುಟ್ಟಿದ ದಿನದ ಕಾಗದವಿಲ್ಲದ ಹುಡುಗಿಗೆ ಮೈಕಟ್ಟು ನೋಡಿ ಅಂದಾಜು ಹಾಕುತ್ತಿದ್ದರು. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಹುಡುಗಿಗೂ ಬೇರೆ ಪುಟ ಇಟ್ಟೆ. ಕಡತದ ಸಂಖ್ಯೆಯ ಕ್ರಮ ಬಿಟ್ಟು ಹುಡುಗಿಯ ಕ್ರಮ. ಪುಟದಲ್ಲಿ ವಯಸ್ಸು ಯಾರು ಹೇಳಿದರು, ಯಾರ ಮುಂದೆ ಹೇಳಿದರು, ಹಾಗೆ ಹೇಳಿದ್ದರಿಂದ ಏನಾಯಿತು ಎಂಬುದಕ್ಕೆ ಒಂದೊಂದು ಅಂಕಣ. ಪಕ್ಕದಲ್ಲಿ ಬೀದಿಯ ಹೆಸರು, ಹೊತ್ತು, ತಟ್ಟೆಯಲ್ಲಿದ್ದ ಸರಕು. ಒಂಬತ್ತು ತಿಂಗಳಲ್ಲಿ ಇಂಥ ಹನ್ನೊಂದು ನೋಟ್‌ಬುಕ್ಕುಗಳಾದವು. ನಾನು ಮುಂದೆ ಬರೆದದ್ದೆಲ್ಲ ಅವುಗಳಿಂದಲೇ ಬಂದಿದೆ. ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ಕಡತವನ್ನು ನಕಲು ಮಾಡಬೇಡಿ, ಮನುಷ್ಯರಿಗೆ ಪುಟ ತೆರೆಯಿರಿ ಎಂದೇ ಹೇಳುತ್ತೇನೆ.

ಕಡತಗಳಲ್ಲಿ ಇನ್ನೊಂದು ಜಗಳ ನಡೆಯುತ್ತಿತ್ತು. ಲಾಗೋಸಿನ ಓದಿದ ಮನೆತನಗಳ ಹೆಂಗಸರು ಹುಡುಗಿಯರ ಶಿಕ್ಷಣಕ್ಕಾಗಿ ದಶಕಗಳಿಂದ ಹೋರಾಡಿದ್ದರು. 1927ರಲ್ಲಿ ಕ್ವೀನ್ಸ್ ಕಾಲೇಜು ಎಂಬ ಸರ್ಕಾರಿ ಹೆಣ್ಣುಮಕ್ಕಳ ಶಾಲೆ ತೆರೆಯುವುದರ ಹಿಂದೆ ಓಯಿಂಕಾನ್ ಅಬಯೋಮಿ ಮತ್ತು ಅವರ ಗೆಳತಿಯರ ಶ್ರಮವಿತ್ತು. 1944ರಲ್ಲಿ ಅವರೇ ನೈಜೀರಿಯನ್ ವಿಮೆನ್ಸ್ ಪಾರ್ಟಿ ಕಟ್ಟಿದರು. ಬೀದಿಯ ಹುಡುಗಿಯನ್ನು ಅಲ್ಲಿಂದ ಬಿಡಿಸಿ ಶಾಲೆಗೆ ತರಬೇಕು ಎಂಬುದು ಈ ವರ್ಗದ ಸುಧಾರಕಿಯರ ನಿಲುವು. ಇನ್ನೊಂದು ಕಡೆ ಮಾರುಕಟ್ಟೆಯ ಹೆಂಗಸರು. ಅವರ ನಾಯಕಿ ಅಲಿಮೊಟು ಪೆಲೆವುರಾ ಎರೆಕೊ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದವರು, ಓದು ಬರಹ ಬಾರದವರು. 1940ರಲ್ಲಿ ಹೆಂಗಸರ ಮೇಲೆ ತೆರಿಗೆ ಹಾಕಲು ಬಂದಾಗ ಲಾಗೋಸಿನ ಮಾರುಕಟ್ಟೆಗಳನ್ನೇ ಬೀದಿಗಿಳಿಸಿದವರು. ಯುದ್ಧಕಾಲದ ಆಹಾರ ಬೆಲೆ ನಿಯಂತ್ರಣವನ್ನು ಅದು ಮುಗಿಯುವವರೆಗೂ ಎದುರಿಸಿದವರು. ಮಗಳ ತಲೆಯ ಮೇಲಿನ ತಟ್ಟೆ ಮನೆಯ ವ್ಯಾಪಾರದ ಒಂದು ಕೈ; ಅದನ್ನು ಕತ್ತರಿಸಿದರೆ ಅಂಗಡಿಯೇ ಮುಚ್ಚುತ್ತದೆ ಎಂಬುದು ಮಾರುಕಟ್ಟೆಯ ತಾಯಂದಿರ ವಾದವಾಗಿತ್ತು. ಇಬ್ಬರೂ ಹುಡುಗಿಯ ಒಳಿತನ್ನೇ ಬಯಸಿದ್ದರು. ನಾನು ಮಾತ್ರ ಮೊದಲ ವರ್ಷ ಮನಸ್ಸಿನಲ್ಲೇ ಸುಧಾರಕಿಯರ ಪಕ್ಷ ವಹಿಸಿದ್ದೆ. ಶಾಲೆಯ ಗಾಡಿಗೆ ಕಾಯುತ್ತಿದ್ದವಳು ನಾನೇ ಅಲ್ಲವೇ.

ಅದು ಬದಲಾದದ್ದು ಧ್ವನಿಮುದ್ರಣದ ಒಂದು ಪದದಿಂದ.

ಕಾಗದದಲ್ಲಿ ಸಿಕ್ಕ ಬೀದಿಗಳನ್ನು ಹಿಡಿದು, ನಲವತ್ತರ ದಶಕದಲ್ಲಿ ತಲೆಹೊರೆ ಮಾರಿದ್ದ ಅಜ್ಜಿಯರನ್ನು ಹುಡುಕಿಕೊಂಡು ಲಾಗೋಸಿಗೆ ಹೋದೆ. ಅಲ್ಲಿ ಹಿರಿಯ ಹೆಂಗಸರನ್ನು ‘ಮಾಮಾ’ ಎಂದು ಕರೆಯುತ್ತಾರೆ. ಕನ್ನಡದ ಓದಿಗೆ ಗೊಂದಲವಾಗಬಾರದೆಂದು ಅಜ್ಜಿ ಎಂದೇ ಬರೆಯುತ್ತೇನೆ. ಮೊದಮೊದಲು ನನ್ನ ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರ ಬರುತ್ತಿತ್ತು. ‘ನಿಮ್ಮ ಬಾಲ್ಯ ಹೇಗಿತ್ತು’ ಎಂದರೆ ‘ದೇವರ ದಯೆ’. ‘ಆಗ ನಿಮಗೆ ವಯಸ್ಸೆಷ್ಟು’ ಎಂದರೆ ಮಗನ ಕಡೆ ನೋಡುತ್ತಿದ್ದರು. ಆಮೇಲೆ ನನ್ನ ಮುತ್ತಜ್ಜಿಯ ನೆನಪಾಯಿತು. ಅವಳು ಯಾವಾಗಲೂ ತಾನು ಪ್ಲೇಗಿನ ವರ್ಷದವಳು ಎನ್ನುತ್ತಿದ್ದಳಂತೆ. ಲಾಗೋಸಿಗೂ 1924ರಲ್ಲಿ ಪ್ಲೇಗ್ ಬಂದಿತ್ತು. ಹಾಗಾಗಿ ಸಂಖ್ಯೆ ಬಿಟ್ಟು ಘಟನೆ ಕೇಳತೊಡಗಿದೆ. 1945ರಲ್ಲಿ ಸರ್ಕಾರಿ ಕಾರ್ಮಿಕರ ದೊಡ್ಡ ಮುಷ್ಕರ ನಡೆದಾಗ ತಟ್ಟೆ ಹೊರುತ್ತಿದ್ದಿರಾ? 1951ರಲ್ಲಿ ಪೆಲೆವುರಾ ತೀರಿಕೊಂಡಾಗ ಮದುವೆಯಾಗಿತ್ತೇ? 1956ರಲ್ಲಿ ಇಂಗ್ಲೆಂಡಿನ ರಾಣಿ ಬಂದಾಗ ಕಂಕುಳಲ್ಲಿ ಮಗುವಿತ್ತೇ? ಆಗ ವರ್ಷಗಳು ತಾವಾಗಿಯೇ ಸಾಲಾಗಿ ಬಂದವು. ಬಾಲ್ಯದ ಪ್ರಶ್ನೆಯನ್ನೂ ಕೈಬಿಟ್ಟು ಮೊದಲಿಗೆ ‘ನಿಮ್ಮ ತಲೆಯ ಮೇಲೆ ಏನಿತ್ತು?’ ಎಂದು ಕೇಳಿದೆ. ಮಾತಿಗಿಂತ ಮೊದಲು ಅಜ್ಜಿಯರ ಎರಡೂ ಕೈ ತಲೆಯ ಮೇಲೆ ಹೋಗುತ್ತಿದ್ದವು. ಸಿಂಬಿಗೆ ಯೊರುಬಾದಲ್ಲಿ ಓಶುಕಾ ಎನ್ನುತ್ತಾರೆ. ಒಬ್ಬರು ಮೇಜಿನ ಮೇಲಿದ್ದ ಟವೆಲನ್ನು ತೆಗೆದುಕೊಂಡು, ಮಾತನಾಡುತ್ತಲೇ, ನೋಡದೆಯೇ, ಬೆರಳಿಗೆ ಸುತ್ತಿ ಸುತ್ತಿ ಓಶುಕಾ ಮಾಡಿ ಮುಗಿಸಿದ್ದರು. ಐವತ್ತು ವರ್ಷಗಳ ಹಿಂದಿನ ಕೆಲಸ ಅದು.

ಆ ಅಜ್ಜಿ ಮಾರುತ್ತಿದ್ದುದು ಎಕೊ. ಮೆಕ್ಕೆಜೋಳವನ್ನು ನೆನೆಸಿ, ರುಬ್ಬಿ, ಹುಳಿ ಬರಿಸಿ, ಬೇಯಿಸಿ ಗಟ್ಟಿಯಾದ ಮೇಲೆ ಎಲೆಯಲ್ಲಿ ಕಟ್ಟುವ ತಿನಿಸು. ಅಂದಿನ ಮಾತುಕತೆಯನ್ನು ರಾತ್ರಿ ಕೂತು ಬರೆದಿಳಿಸುವಾಗ, ‘ನನ್ನ ತಾಯಿ ನನಗೆ ಎಕೊ ಕೊಟ್ಟಳು’ ಎಂದು ಬರೆದುಕೊಂಡೆ. ಅದನ್ನೇ ತಿನ್ನಿಸಿ ಬೀದಿಗೆ ಕಳಿಸಿದಳು ಎಂದು ಅರ್ಥ ಮಾಡಿಕೊಂಡು, ಪಕ್ಕದಲ್ಲಿ ಬಡತನದ ಬಗ್ಗೆ ಒಂದು ಟಿಪ್ಪಣಿಯನ್ನೂ ಹಾಕಿದೆ. ಮರುವಾರ ಇಬಾದಾನಿನಲ್ಲಿ ನನಗೆ ಭಾಷೆ ಹೇಳಿಕೊಡುತ್ತಿದ್ದವರು ಆ ಧ್ವನಿಮುದ್ರಣ ಕೇಳಿ ತಡೆದರು. ‘ಇನ್ನೊಂದು ಸಲ ಹಾಕಿ. ಕೊನೆಯ ದನಿ ಮೇಲೆ ಹೋಗುತ್ತಿದೆ, ಕೇಳಿ’ ಎಂದರು. ಕೊನೆಯ ದನಿ ನಡುವಿನಲ್ಲಿ ನಿಂತರೆ ಎಕೊ ಎಂದರೆ ಆ ತಿನಿಸು. ಮೇಲಕ್ಕೆ ಹೋದರೆ ವಿದ್ಯೆ. ಶಾಲೆಗೆ ಯೊರುಬಾದಲ್ಲಿ ಹೇಳುವುದೇ ‘ಇಲೆ ಎಕೊ’, ವಿದ್ಯೆಯ ಮನೆ. ಅಜ್ಜಿ ಹೇಳಿದ್ದು, ‘ನನ್ನ ತಾಯಿ ನನಗೆ ವಿದ್ಯೆ ಕೊಟ್ಟಳು’ ಎಂದು.

ಆ ಸಂಜೆ ನನ್ನ ನೋಟ್‌ಬುಕ್ಕುಗಳನ್ನೆಲ್ಲ ಮತ್ತೆ ತೆರೆದೆ. ಅಧಿಕಾರಿ ಅಲೆದಾಟ ಎಂದು ಬರೆದ ಕಡೆಯೆಲ್ಲ ಒಂದು ಪಾಠ ನಡೆಯುತ್ತಿತ್ತು. ಯಾವ ಕಚೇರಿಯ ಗುಮಾಸ್ತರು ಯಾವ ಹೊತ್ತಿಗೆ ಹೊರಬರುತ್ತಾರೆ, ಯಾರಿಗೆ ಸಾಲ ಕೊಡಬಹುದು, ಮಳೆಯ ದಿನ ಎಷ್ಟು ಸರಕು ಹೊರಬೇಕು, ಮಿಕ್ಕಿದ್ದನ್ನು ಯಾವ ಮೂಲೆಯಲ್ಲಿ ಎಷ್ಟು ಕಡಿಮೆಗೆ ಕೊಟ್ಟು ಮುಗಿಸಬೇಕು. ಹುಡುಗಿಯರು ದಿನದ ಸಂಪಾದನೆಯಲ್ಲಿ ಒಂದು ನಾಣ್ಯವನ್ನು ಅಲಾಜೊ ಎಂಬ ಸಂಗ್ರಹಗಾರನಿಗೆ ಕೊಡುತ್ತಿದ್ದರೆಂದು ಅಜ್ಜಿಯರು ಹೇಳಿದರು. ನಮ್ಮಲ್ಲಿ ಪಿಗ್ಮಿ ಕಟ್ಟುವ ಹಾಗೆಯೇ. ಸರದಿಯಲ್ಲಿ ಹಣ ಎತ್ತುವ ಎಸುಸು ಕೂಡ ಇತ್ತು; ನಮ್ಮ ಚೀಟಿ. ಇಂಗ್ಲಿಷಿನಲ್ಲಿ ಇವನ್ನು ವಿವರಿಸಲು ನನಗೆ ಅರ್ಧ ಪುಟ ಬೇಕಾಗುತ್ತಿತ್ತು, ಕನ್ನಡದಲ್ಲಿ ಒಂದೊಂದು ಪದ ಸಾಕು. ಸಾಲದ ಬಡ್ಡಿಯ ಬದಲಿಗೆ ಮಗುವಿನ ದುಡಿಮೆಯನ್ನು ಬಿಟ್ಟುಕೊಡುವ ಇವೋಫಾ ಪದ್ಧತಿಯನ್ನು ಇಂಗ್ಲಿಷ್ ಅಧಿಕಾರಿಗಳು ಗುಲಾಮಗಿರಿಯೊಂದಿಗೆ ಬೆರೆಸಿದ್ದರು. ಅಸಲು ತೀರಿಸುವವರೆಗೆ ಒಡವೆಯನ್ನಿಟ್ಟ ಹಾಗೆ ಆಳನ್ನಿಡುವುದು ಒತ್ತೆ. ಆ ಪದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಅಧ್ಯಾಯ ಬರೆದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಬೀದಿ ಎಲ್ಲ ಹುಡುಗಿಯರಿಗೂ ವಿದ್ಯೆಯಾಗಿರಲಿಲ್ಲ. ಮದುವೆ ಮಾಡಿಸುತ್ತೇವೆ ಎಂದು ಒಳನಾಡಿನಿಂದ ಕರೆತಂದು ವೇಶ್ಯಾವಾಟಿಕೆಗೆ ಸೇರಿಸಿದ ಮಕ್ಕಳಿದ್ದರು. ಸರಕು ಕೊಳ್ಳುವ ನೆಪದಲ್ಲಿ ಒಳಗೆ ಕರೆದವರಿದ್ದರು. ಅಧಿಕಾರಿಗಳ ಆತಂಕ ಪೂರಾ ಕಟ್ಟುಕಥೆಯಲ್ಲ. ನನ್ನ ಏಳನೇ ನೋಟ್‌ಬುಕ್ಕಿನಲ್ಲಿ ಒಬ್ಬ ಹುಡುಗಿಯ ಪುಟವಿದೆ. ನಾಲ್ಕು ಹಾಳೆಗಳ ಹೇಳಿಕೆ, ಅವಳದೇ ಮಾತು ಎನ್ನಿಸುವಷ್ಟು ಹತ್ತಿರದ್ದು. ಅದನ್ನು ಓದಿದ ದಿನ ಓದುವ ಕೋಣೆಯಿಂದ ಎದ್ದು ಹೊರಗೆ ಬಂದು ಮರದ ಕೆಳಗೆ ಬಹಳ ಹೊತ್ತು ಕೂತಿದ್ದೆ. ಆ ಹೇಳಿಕೆಯನ್ನು ನಾನು ಎಲ್ಲಿಯೂ ಉದ್ಧರಿಸಿಲ್ಲ. ಉದ್ಧರಿಸಿದ್ದರೆ ಮಹಾಪ್ರಬಂಧಕ್ಕೆ ತೂಕ ಬರುತ್ತಿತ್ತು. ಆದರೆ ಅವಳು ಅದನ್ನು ಹೇಳಿದ್ದು ತನ್ನನ್ನು ಮನೆಗೆ ಕಳಿಸಲಿ ಎಂದು. ಮುಂದೊಂದು ದಿನ ಯಾರೋ ಓದಲಿ ಎಂದಲ್ಲ. ಅವಳ ಮೊಮ್ಮಕ್ಕಳು ಲಾಗೋಸಿನಲ್ಲೇ ಇರಬಹುದು. ಕಡತ ಯಾರು ಬೇಕಾದರೂ ತೆರೆಯಬಹುದಾದದ್ದು ಎಂಬ ಮಾತ್ರಕ್ಕೆ ಎಲ್ಲವನ್ನೂ ಅಚ್ಚು ಹಾಕುವ ಹಕ್ಕು ಇತಿಹಾಸಕಾರರಿಗೆ ಬರುವುದಿಲ್ಲ. ನನ್ನ ಬರಹದ ಎಲ್ಲ ಹುಡುಗಿಯರ ಹೆಸರನ್ನೂ ಬದಲಿಸಿದ್ದೇನೆ. ಇದಕ್ಕಾಗಿ ವಿಮರ್ಶೆಯನ್ನೂ ಕೇಳಿದ್ದೇನೆ. ಆ ತೀರ್ಮಾನ ಸರಿ ಎಂದೇ ಈಗಲೂ ನಂಬಿದ್ದೇನೆ.

ಪಿಎಚ್.ಡಿ. 2003ರಲ್ಲಿ ಮುಗಿಯಿತು. ಆಮೇಲಿನ ನಾಲ್ಕು ವರ್ಷಗಳ ಬಗ್ಗೆ ಬಹಳ ಬರೆಯುವುದಿಲ್ಲ. ಒಂದೊಂದು ವರ್ಷದ ಗುತ್ತಿಗೆ ಕೆಲಸ, ಮೂರು ಊರು, ಮೂವತ್ತಕ್ಕೂ ಹೆಚ್ಚು ಅರ್ಜಿ. ಒಂದು ಸಂದರ್ಶನದಲ್ಲಿ, ‘ನೀವು ಭಾರತದವರು, ಭಾರತದ ಬಗ್ಗೆ ಯಾಕೆ ಬರೆಯುವುದಿಲ್ಲ’ ಎಂದು ಕೇಳಿದರು. ಅಲ್ಲಿ ಕೂತಿದ್ದ ಐವರೂ ತಮ್ಮ ದೇಶವಲ್ಲದ ದೇಶಗಳ ಇತಿಹಾಸ ಬರೆದವರೇ. ಆ ಪ್ರಶ್ನೆ ನನಗೆ ನೋವು ಮಾಡಿತು, ಈಗಲೂ ಮಾಡುತ್ತದೆ. ಹುಡುಗಿಯರ ವಿಷಯ ಸಣ್ಣದಾಯಿತು, ಕಾರ್ಮಿಕರ ಬಗ್ಗೆಯೋ ರಾಷ್ಟ್ರೀಯತೆಯ ಬಗ್ಗೆಯೋ ಬರೆಯಿರಿ ಎಂದು ನನ್ನ ಮೊದಲ ಲೇಖನವನ್ನು ಒಂದು ಪತ್ರಿಕೆ ಹಿಂದಿರುಗಿಸಿತು. ಬೆಳಗಿನಿಂದ ಸಂಜೆಯವರೆಗೆ ಹೊರೆ ಹೊತ್ತು ನಡೆದವಳು ಕಾರ್ಮಿಕಳಲ್ಲವೇ? 1945ರ ಮುಷ್ಕರ ಸುಮಾರು ಒಂದೂವರೆ ತಿಂಗಳು ನಡೆಯಿತು. ಸಂಬಳ ನಿಂತ ಆ ದಿನಗಳಲ್ಲಿ ಮನೆಗಳು ಯಾರ ದುಡಿಮೆಯಿಂದ ಉಂಡವು ಎಂದು ಅಜ್ಜಿಯರನ್ನು ಕೇಳಿ ನೋಡಬೇಕು. ನಾನು ಕೇಳಿದ್ದೆ. ಅದನ್ನೇ ಮೊದಲಿಗೆ ತಂದು ಲೇಖನವನ್ನು ಪೂರ್ತಿ ತಿರುಗಿಸಿ ಬರೆದೆ. ಇನ್ನೊಂದು ಪತ್ರಿಕೆ ತೆಗೆದುಕೊಂಡಿತು. 2007ರಲ್ಲಿ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಕಾಯಂ ಕೆಲಸ ಸಿಕ್ಕಿತು.

ಪುಸ್ತಕ ಬರೆಯುತ್ತಿದ್ದಾಗ, 2014ರಲ್ಲಿ, ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಇತಿಹಾಸಕಾರ್ತಿ ಅಬೊಸೆಡೆ ಜಾರ್ಜ್ ಅವರ ಗ್ರಂಥ ಬಂತು. ಲಾಗೋಸಿನ ಹುಡುಗಿಯರ ಬಗ್ಗೆಯೇ. ಓದಿದ ಗಣ್ಯ ಮಹಿಳೆಯರ ಸುಧಾರಣೆಯ ಕೆಲಸ ಹೇಗೆ ವಸಾಹತು ಸರ್ಕಾರದ ಅಭಿವೃದ್ಧಿಯ ಕೆಲಸಕ್ಕೆ ಸೇರಿಕೊಂಡಿತು, ಅದರ ನಡುವೆ ಬೀದಿಯ ಹುಡುಗಿ ಹೇಗೆ ನಿಂತಳು ಎಂಬುದನ್ನು ಅವರು ನನಗಿಂತ ಸಮಗ್ರವಾಗಿ ಬರೆದಿದ್ದರು. ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ನನ್ನ ಹಸ್ತಪ್ರತಿಯ ಮೂರು ಅಧ್ಯಾಯಗಳಿಗೆ ಇನ್ನು ಜಾಗವಿಲ್ಲ ಎಂದು ತಿಳಿಯಿತು. ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಇಷ್ಟು ವರ್ಷ ಒಂಟಿಯಾಗಿ ಮಾತನಾಡಿದ ಹಾಗಿತ್ತು. ಈಗ ಎದುರಿಗೆ ಒಬ್ಬರು ಬಂದು ಕೂತು ಪೂರ್ತಿ ವಿಷಯ ಹೇಳಿದ ಹಾಗಾಯಿತು. ಆ ಮೂರು ಅಧ್ಯಾಯಗಳನ್ನು ಬದಿಗಿಟ್ಟೆ. ಉಳಿದ ಒಂದನ್ನು, ಹುಡುಗಿಯರು ನಡೆದ ದಾರಿಗಳ ಅಧ್ಯಾಯವನ್ನು, ಇಡೀ ಪುಸ್ತಕವಾಗಿ ಬೆಳೆಸಿದೆ.

ಆ ದಾರಿಗಳ ಯೋಚನೆ ಬಂದದ್ದು ಅದೇ ಎಕೊ ಮಾರುತ್ತಿದ್ದ ಅಜ್ಜಿಯಿಂದ. ಅವರ ಮನೆ ಮೊದಲು ಲಾಗೋಸ್ ದ್ವೀಪದ ನಡುವೆ ಇತ್ತು. ಕೊಳೆಗೇರಿ ತೆರವು ಎಂದು 1955ರಿಂದ ಆ ಭಾಗದ ಮನೆಗಳನ್ನು ಕೆಡವಿ ಜನರನ್ನು ಮುಖ್ಯಭೂಮಿಯ ಸುರುಲೆರೆಗೆ ಕಳಿಸಿದರು. ಅವರು ಅಂದಿನಿಂದ ಅಲ್ಲೇ ಇದ್ದರು. ನಾನು ಹಳೆಯ ನಕ್ಷೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿದರೆ ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಬಟ್ಟಲಿನಿಂದ ಸುಲಿಯದ ಕಡಲೆಕಾಯಿಗಳನ್ನು ತೆಗೆದು ಒಂದೊಂದಾಗಿ ಇಡತೊಡಗಿದರು. ಇದು ಇಸಾಲೆ ಎಕೊ ಬಡಾವಣೆಯ ನಮ್ಮ ಮನೆ. ಇದು ಇದುಮೊಟಾ, ಸೇತುವೆ ದಾಟಿ ಬರುವವರು ಇಲ್ಲಿ ಮೊದಲು ಸಿಗುತ್ತಾರೆ, ಹಸಿದಿರುತ್ತಾರೆ. ಇದು ಎರೆಕೊ, ಅಮ್ಮನ ಗೆಳತಿ ಇಲ್ಲಿ ನನ್ನ ತಟ್ಟೆ ನೋಡಿ ಎಷ್ಟು ಹೋಗಿದೆ ಎಂದು ಎಣಿಸುತ್ತಾಳೆ. ಇದು ಟಿನುಬು ಚೌಕ. ಇದು ಮರೀನಾ, ಕಂಪನಿ ಗುಮಾಸ್ತರು. ಇಲ್ಲಿ ಪೊಲೀಸ್. 1946ರ ನಂತರ ಈ ಕಡಲೆಕಾಯಿ ಬಿಟ್ಟು ಹೀಗೆ ಸುತ್ತಿ ಹೋಗುವುದು ಎಂದು ಬೆರಳಿನಿಂದ ಮೇಜಿನ ಮೇಲೆ ಒಂದು ಬಳಸುದಾರಿ ಎಳೆದರು. ಆ ಬಳಸುದಾರಿ ಸರ್ಕಾರದ ಯಾವ ನಕ್ಷೆಯಲ್ಲೂ ಇಲ್ಲ. ಎರಡು ಮನೆಗಳ ಹಿತ್ತಿಲಿನ ನಡುವೆ ಹಾದು ಹೋಗುವ ಓಣಿ ಅದು. ಆ ಎರಡು ಮನೆಗಳೂ ಈಗಿಲ್ಲ.

ಆಮೇಲೆ ಬಂದ ಪ್ರತಿ ಅಜ್ಜಿಯ ಮುಂದೆಯೂ ನಾನು ಕಡಲೆಕಾಯಿಯ ಬಟ್ಟಲು ಇಟ್ಟೆ. ಒಟ್ಟು ಇಪ್ಪತ್ತಮೂರು ದಾರಿಗಳು ಸಿಕ್ಕವು. ಪೊಲೀಸ್ ಪ್ರಕರಣಗಳಲ್ಲಿ ಬರುವ ಬೀದಿಗಳನ್ನು ಅವುಗಳ ಮೇಲೆ ಕೂರಿಸಿ ನೋಡಿದಾಗ, ಕಡತದಲ್ಲಿ ಚುಕ್ಕೆ ಚುಕ್ಕೆಯಾಗಿ ಬಿದ್ದಿದ್ದ ಹುಡುಗಿಯರು ಎಲ್ಲಿಂದ ಎಲ್ಲಿಗೆ ಹೋಗುತ್ತಿದ್ದರು ಎಂಬುದು ಕಂಡಿತು. ಹುಡುಗಿ ದೊಡ್ಡವಳಾದಂತೆ ದಾರಿ ಉದ್ದವಾಗುತ್ತಿತ್ತು. ಮೊದಲು ಮನೆಯ ಬೀದಿ, ಮುಂದಿನ ಮಳೆಗಾಲಕ್ಕೆ ಮಾರುಕಟ್ಟೆ, ಆಮೇಲೆ ಮರೀನಾ. ತಾಯಿ ಮಗಳ ವಯಸ್ಸನ್ನು ವರ್ಷದಿಂದ ಅಳೆಯುತ್ತಿರಲಿಲ್ಲ, ಎಲ್ಲಿಯವರೆಗೆ ಒಬ್ಬಳೇ ಹೋಗಿ ಬರಬಲ್ಲಳು ಎಂಬುದರಿಂದ ಅಳೆಯುತ್ತಿದ್ದಳು. ಅಬೆಯೊಕುಟದ ಗೇಟಿನ ಬಳಿ ನನಗೆ ಸಂಖ್ಯೆ ಯಾಕೆ ಸಿಗಲಿಲ್ಲ ಎಂಬುದು ಆ ನಕ್ಷೆ ಮುಗಿದ ದಿನ ಅರ್ಥವಾಯಿತು.

ಈಗ ನನ್ನ ತರಗತಿಯಲ್ಲಿ ಲಾಗೋಸ್ ಮೂಲದ ಕುಟುಂಬಗಳ ಮಕ್ಕಳು ಪ್ರತಿ ವರ್ಷ ಇಬ್ಬರು ಮೂವರಾದರೂ ಇರುತ್ತಾರೆ. ಅವರಿಗೆ ಮೊದಲ ವಾರದ ಮನೆಗೆಲಸ, ಅಜ್ಜಿಗೆ ಫೋನ್ ಮಾಡಿ ತಲೆಯ ಮೇಲೆ ಏನಿತ್ತು ಎಂದು ಕೇಳುವುದು. ಮನೆಯಲ್ಲಿ ಎಂದೂ ಆಡದ ಮಾತು ಆ ಒಂದು ಪ್ರಶ್ನೆಗೆ ಹೊರಬಂದದ್ದನ್ನು ಹಲವು ಸಲ ನೋಡಿದ್ದೇನೆ. ಕಳೆದ ವರ್ಷ ಒಬ್ಬಳು ಹುಡುಗಿ ಅಜ್ಜಿಯ ಉತ್ತರವನ್ನು ಓದಿ ಹೇಳುವಾಗ ಎರಡು ಸಲ ನಿಲ್ಲಿಸಬೇಕಾಯಿತು.

ಈ ವಿಷಯಕ್ಕೆ ಬರಬೇಕೆಂದಿರುವ ಕನ್ನಡದ ವಿದ್ಯಾರ್ಥಿಗಳಿಗೆ, ಭಾಷೆಗೆ ಒಂದು ಪೂರ್ತಿ ವರ್ಷ ಕೊಡಿ ಎಂದಷ್ಟೇ ಹೇಳುತ್ತೇನೆ. ಯೊರುಬಾ ಇರಲಿ, ಸ್ವಾಹಿಲಿ ಇರಲಿ, ಹೌಸಾ ಇರಲಿ. ಕಡತ ಕಾಯುತ್ತದೆ, ಅಜ್ಜಿಯರು ಕಾಯುವುದಿಲ್ಲ. ಕಡಲೆಕಾಯಿ ಇಟ್ಟು ದಾರಿ ತೋರಿಸಿದವರು 2009ರಲ್ಲಿ ತೀರಿಕೊಂಡರು. ಅವರ ಎರಡನೇ ಧ್ವನಿಮುದ್ರಣದಲ್ಲಿ ಕೊನೆಯ ನಲವತ್ತು ನಿಮಿಷ ಸುರುಲೆರೆಗೆ ಬಂದ ಮೊದಲ ವರ್ಷದ ಬಗ್ಗೆ ಇದೆ. ಹಳೆಯ ದಾರಿಗಳೆಲ್ಲ ಹೋದ ಮೇಲೆ ತಮ್ಮ ಮಗಳಿಗೆ ಹೊಸ ಊರಿನಲ್ಲಿ ಯಾವ ದಾರಿ ಕಲಿಸಿದರು ಎಂಬುದನ್ನು ಹೇಳುತ್ತಾರೆ. ಹಿನ್ನೆಲೆಯಲ್ಲಿ ಜನರೇಟರಿನ ಸದ್ದು ಜೋರಾಗಿದೆ, ದನಿಯ ಏರಿಳಿತ ಅರ್ಧ ಮುಚ್ಚಿಹೋಗಿದೆ. ಈ ಬೇಸಿಗೆಯಲ್ಲಿ ಅದನ್ನು ಬರೆದಿಳಿಸಲು ಕೂತಿದ್ದೇನೆ. ದಿನಕ್ಕೆ ಎರಡು ನಿಮಿಷದಷ್ಟು ಆಗುತ್ತಿದೆ.